‘ಕಾಲೇ’ ಎಂದರೆ ನಿನ್ನೆಯೋ, ನಾಳೆಯೋ? – ಭಾಷಾಯಂತ್ರದ ಪರಿಚಯ

ಊರಿನಿಂದ ರೈಲಿನಲ್ಲಿ ಮರಳಿ ಚಾಂದ್‌ಖೇಡಾ ಮುಟ್ಟಿದ ರಾತ್ರಿ ನನ್ನ ಫೋನಿಗೆ ಕೆಲಸದ ಕಡೆಯಿಂದ ಎರಡೇ ಮಾತಿನ ಗುಜರಾತಿ ಸಂದೇಶ ಬಂದಿತ್ತು: ‘ಕಾಲೇ ರಜಾ’. ಅನುವಾದದ ಯಂತ್ರಕ್ಕೆ ಕೊಟ್ಟೆ. ‘ನಿನ್ನೆ ರಜೆ’ ಎಂದಿತು. ಸದ್ಯ, ಒಂದು ದಿನದ ಪಗಾರ ಉಳಿಯಿತೆಂದು ಮಲಗಿ, ಬೆಳಿಗ್ಗೆ ಹೋದರೆ ಗೇಟಿಗೆ ಬೀಗ! ರಜೆ ಇದ್ದದ್ದು ಅಂದೇ. ರಿಕ್ಷಾ ಬಾಡಿಗೆ ದಂಡವಾಯಿತು.

ತಪ್ಪು ಹೇಗಾಯಿತೆಂದು ನೋಡಿದರೆ ಯಂತ್ರದ ಗುಟ್ಟೇ ತಿಳಿಯುತ್ತದೆ. ಗುಜರಾತಿಯ ‘ಕಾಲೇ’ ನಿನ್ನೆಗೂ ಸಲ್ಲುತ್ತದೆ, ನಾಳೆಗೂ ಸಲ್ಲುತ್ತದೆ. ‘ಕಾಲೇ ಆವ್ಯೋ’ ಎಂದರೆ ನಿನ್ನೆ ಬಂದ. ‘ಕಾಲೇ ಆವಶೇ’ ಎಂದರೆ ನಾಳೆ ಬರುತ್ತಾನೆ. ಕ್ರಿಯಾಪದ ನೋಡಿಯೇ ಅರ್ಥ ಹೇಳಬೇಕು. ನನ್ನ ಸಂದೇಶದಲ್ಲಿ ಕ್ರಿಯಾಪದವೇ ಇರಲಿಲ್ಲ.

ಯಂತ್ರದೊಳಗೆ ನಿಘಂಟು ಬಿಚ್ಚಿ ಕುಳಿತ ಪಂಡಿತನಿಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ...’ ಎಂದು ನಾನು ನಿಲ್ಲಿಸಿದರೆ ‘ಮಲ್ಲಿಗೆ ಹೂವು’ ಎಂದು ವಾಚಕರೇ ಮುಗಿಸುವರಷ್ಟೆ? ಯಂತ್ರದ ಕಸುಬೂ ಅದೇ: ಈವರೆಗಿನ ಮಾತು ನೋಡಿ ಮುಂದಿನ ತುಣುಕನ್ನು ಊಹಿಸುವುದು. ಕೋಟ್ಯಂತರ ಪುಟಗಳ ಮೇಲೆ ಈ ಊಹೆಯನ್ನು ಅಭ್ಯಾಸ ಮಾಡಿಸಿ, ತಪ್ಪಿದಾಗಲೆಲ್ಲ ಒಳಗಿನ ಅಂಕಿಗಳನ್ನು ಎಳ್ಳಷ್ಟೆಳ್ಳಷ್ಟು ತಿದ್ದುತ್ತಾರೆ. ಹಾಗೆ ತಿದ್ದಿದ ಅಂಕಿಗಳ ರಾಶಿಯೇ ಅದರ ವಿದ್ಯೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ವಾಕ್ಯ ಕಟ್ಟುವುದನ್ನು ಅಮೆರಿಕದ ಕ್ಲಾಡ್ ಶಾನನ್ 1948ರಲ್ಲಿಯೇ ಕೈಯಿಂದ ಮಾಡಿ ತೋರಿಸಿದ್ದರು. 2017ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ‘ಟ್ರಾನ್ಸ್‌ಫಾರ್ಮರ್’ ಎಂಬ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಪ್ರತಿಯೊಂದು ತುಣುಕೂ ಉಳಿದ ತುಣುಕುಗಳ ಕಡೆ ಕಣ್ಣು ಹಾಯಿಸಿ, ತನಗೆ ಯಾವುದು ಎಷ್ಟು ಮುಖ್ಯವೆಂದು ತೂಗಿಕೊಳ್ಳುತ್ತದೆ. ‘ಕಾಲೇ’ಯು ‘ಆವಶೇ’ಯನ್ನು ನೋಡಿ ನಾಳೆಯಾಗುವುದು ಹೀಗೆ. 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿಯೂ ಈ ವಂಶದ್ದೇ. ಅದೇ ವರ್ಷ ಜುಲೈ 4ರಂದು ನಮ್ಮ ನೆರೆಯ ಗಾಂಧಿನಗರದಲ್ಲಿಯೇ, ಭಾರತೀಯ ಭಾಷೆಗಳಿಗೆಂದು ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆ ಪ್ರಾರಂಭವಾಯಿತು.

ನೋಡಲು ಏನೂ ಇಲ್ಲದಾಗ ಯಂತ್ರವು ಸುಮ್ಮನಿರುವುದು ಅಪರೂಪ; ಹೆಚ್ಚು ಸಂಭವವೆಂದು ಕಂಡುದನ್ನು ಅದೇ ಧೈರ್ಯದ ದನಿಯಲ್ಲಿ ಹೇಳಿಬಿಡುತ್ತದೆ. ನಾನು ಊರಿನಲ್ಲಿದ್ದೆನೆಂಬುದು ಅದಕ್ಕೇನು ಗೊತ್ತು? ಮೇಲಾಗಿ ಕನ್ನಡದ ಪುಟಗಳು ಅಂತರ್ಜಾಲದಲ್ಲಿ ಇಂಗ್ಲಿಷಿನಷ್ಟಿಲ್ಲವಾದುದರಿಂದ ನಮ್ಮ ಭಾಷೆಯಲ್ಲಿ ಅದಕ್ಕೆ ಅಭ್ಯಾಸವೂ ಕಡಮೆ.

ಇಷ್ಟು ಹೇಳಿ ಯಂತ್ರವನ್ನು ದೂರ ಇಡಿರೆಂದರೆ ಅನ್ಯಾಯವಾದೀತು. ಸೊಸೈಟಿಯ ನೋಟೀಸು ನೀರಿನದೋ ಲಿಫ್ಟಿನದೋ ಎಂದು ತಿಳಿಯಲು, ರಜಾ ಅರ್ಜಿಯ ಕರಡು ಬರೆಯಿಸಲು, ಮಗುವಿನ ಗುಜರಾತಿ ಪಾಠದ ಸಾರ ಕೇಳಲು ಅದು ಒಳ್ಳೆಯ ಜೊತೆಗಾರ. ಇಲ್ಲೆಲ್ಲ ತಪ್ಪಿದರೆ ನಮಗೆ ಗೊತ್ತಾಗುತ್ತದೆ, ತಿದ್ದಿಕೊಳ್ಳಬಹುದು. ಬಾಡಿಗೆ ಕರಾರು, ಗುತ್ತಿಗೆದಾರನ ಕಾಗದ, ಭವಿಷ್ಯನಿಧಿಯ ಫಾರಂ ಇವುಗಳ ಮಾತು ಬೇರೆ. ತಾರೀಖು, ಮೊಬಲಗು, ‘ಇಲ್ಲ’ ಎಂಬ ಪದ, ಈ ಮೂರನ್ನು ಮೂಲದ ಮೇಲೆ ಬೆರಳಿಟ್ಟು ಗುಜರಾತಿ ಬಲ್ಲವರಿಂದ ಓದಿಸಿದ ಮೇಲೆಯೇ ರುಜು ಹಾಕಬೇಕು. ಆಧಾರ್ ಸಂಖ್ಯೆ, ಬ್ಯಾಂಕಿನ ಓಟಿಪಿ ಯಂತ್ರಕ್ಕೆ ಕೊಡಲೇಬಾರದು.

ವಾಚನಾಲಯಕ್ಕೆ ಓದಿಸಲು ಬರುವವರು ಮೂಲ ಕಾಗದವನ್ನೇ ತರಬೇಕು. ಬರಿಯ ಅನುವಾದ ತಂದರೆ, ‘ಕಾಲೇ’ ಯಾವ ದಿನವೆಂದು ನಾವೂ ಹೇಳಲಾರೆವು.