ಬಾಡಿಗೆಯಲ್ಲೇ ಸಾಲ ತೀರುತ್ತದೆಯೇ?



ಕಳೆದ ಸಲದ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಕೇಳಿದರು: "ನಮ್ಮ ಮನೆ ಪಕ್ಕ ಖಾಲಿ ಜಾಗ ಇದೆ. ಬ್ಯಾಂಕಿನಲ್ಲಿ 5 ಲಕ್ಷ ಸಾಲ ತೆಗೆದು ಚಿಕ್ಕದೊಂದು ಮನೆ ಕಟ್ಟಿದ್ರೆ ತಿಂಗಳಿಗೆ 4,000 ಬಾಡಿಗೆ ಬರುತ್ತೆ. ಬಾಡಿಗೆಯಲ್ಲೇ ಸಾಲ ತೀರೋದಿಲ್ವಾ ಅಕ್ಕ?" ಎಲ್ಲರಿಗೂ ಸರಿ ಅನ್ನಿಸಿತು. ಆದರೆ ಹಾಳೆಯ ಮೇಲೆ ಬರೆದು ನೋಡಿದಾಗ ಲೆಕ್ಕ ಬೇರೆಯೇ ಆಯಿತು. ಆ ಲೆಕ್ಕವನ್ನೇ ಈ ತಿಂಗಳ ಪಾಠವಾಗಿ ಕೊಡುತ್ತಿದ್ದೇವೆ.

1. ಕಂತು ಎಷ್ಟು?
ಉದಾಹರಣೆಗೆ ಬಡ್ಡಿ ವರ್ಷಕ್ಕೆ ಶೇ. 9 ಎಂದಿಟ್ಟುಕೊಳ್ಳೋಣ. 5 ಲಕ್ಷ ಸಾಲಕ್ಕೆ 15 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 5,071 ರೂ.; ಒಟ್ಟು ಬಡ್ಡಿ 4.13 ಲಕ್ಷ. 20 ವರ್ಷವಾದರೆ ಕಂತು 4,499ಕ್ಕೆ ಇಳಿಯುತ್ತದೆ, ಆದರೆ ಬಡ್ಡಿ 5.80 ಲಕ್ಷಕ್ಕೆ ಏರುತ್ತದೆ. ಕಂತು ಕಡಿಮೆ ಅಂತ ಹಿಗ್ಗಬೇಡಿ, ಬಡ್ಡಿ ಹೆಚ್ಚಾಗಿರುತ್ತದೆ.

2. ಬಾಡಿಗೆ ನಿಜವಾಗಿ ಎಷ್ಟು?
ಒಬ್ಬರು ಬಿಟ್ಟು ಇನ್ನೊಬ್ಬರು ಬರುವವರೆಗೆ ಮನೆ ಖಾಲಿ ಇರುತ್ತದೆ. ಆದ್ದರಿಂದ ವರ್ಷಕ್ಕೆ 10 ತಿಂಗಳ ಬಾಡಿಗೆ ಮಾತ್ರ ಹಿಡಿಯಿರಿ: 40,000 ರೂ. ಕಂದಾಯ, ಸುಣ್ಣಬಣ್ಣ, ರಿಪೇರಿಗೆ 4,000 ಕಳೆದರೆ 36,000. ಅಂದರೆ ತಿಂಗಳಿಗೆ 3,000. ಕಂತು 5,071. ಉಳಿದ 2,071 ರೂ.ಗಳನ್ನು ಪ್ರತಿ ತಿಂಗಳೂ ಕೈಯಿಂದ ಕಟ್ಟಬೇಕು. ಕೂಲಿ ಇಲ್ಲದ ಮಳೆಗಾಲದಲ್ಲೂ ಕಟ್ಟಬೇಕು.

ಅದೇ ಸಾಲ 3 ಲಕ್ಷವಾದರೆ 15 ವರ್ಷಕ್ಕೆ ಕಂತು ಸುಮಾರು 3,043. ಇದು ಬಾಡಿಗೆಗೆ ಸರಿಹೊಂದುತ್ತದೆ. ಬ್ಯಾಂಕಿನೋರು ಎಷ್ಟು ಕೊಡ್ತಾರೆ ಅನ್ನೋದಲ್ಲ, ಬಾಡಿಗೆ ಎಷ್ಟು ಸಾಲವನ್ನು ಹೊರುತ್ತದೆ ಅನ್ನೋದೇ ಮುಖ್ಯ.

ಉಳಿದ 2 ಲಕ್ಷ ಸಂಘದಿಂದ ತೆಗೆಯೋಣವೇ? ಬೇಡ. ಅದೂ ಸಾಲವೇ, ಅದಕ್ಕೂ ಕಂತಿದೆ, ಅವಧಿಯೂ ಕಡಿಮೆ. ಒಬ್ಬರು ತಪ್ಪಿದರೆ ಇಡೀ ಸಂಘದ ಹೆಸರು ಕೆಡುತ್ತದೆ.

3. ಯಾವ ಬಡ್ಡಿ ಅಂತ ಕೇಳಿ
1 ಲಕ್ಷಕ್ಕೆ 3 ವರ್ಷ, ಬಡ್ಡಿ ಶೇ. 12. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಒಟ್ಟು ಬಡ್ಡಿ ಸುಮಾರು 19,570 ರೂ. ಪೂರ್ತಿ ಸಾಲಕ್ಕೆ ಕೊನೆಯವರೆಗೂ ಹಾಕಿದರೆ 36,000 ರೂ.! ಕೈಸಾಲದವರು "ನೂರಕ್ಕೆ 3 ರೂಪಾಯಿ" ಅಂದರೆ ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ. 36 ಆಯಿತು.

4. ಅಡಮಾನ ಯಾವುದು?
ಕ್ರಯಪತ್ರ, ಖಾತೆ, ಕಂದಾಯ ರಸೀದಿ, ಇ.ಸಿ., ಮನೆ ಕಟ್ಟಲು ಪರವಾನಗಿ, ಇವೆಲ್ಲ ಸರಿಯಾಗಿರಬೇಕು. ಇನ್ನೊಂದು ಮಾತು. ಖಾಲಿ ಜಾಗವೂ ವಾಸದ ಮನೆಯೂ ಒಂದೇ ಖಾತೆಯಲ್ಲಿದ್ದರೆ ಎರಡೂ ಅಡಮಾನಕ್ಕೆ ಹೋಗಬಹುದು. ಕಂತು 90 ದಿನ ಮೀರಿ ಬಾಕಿಯಾದರೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು 60 ದಿನಗಳ ನೋಟೀಸು ಕೊಟ್ಟು, ಆಗಲೂ ಕಟ್ಟದಿದ್ದರೆ ಆಸ್ತಿಯನ್ನು ವಶಕ್ಕೆ ಪಡೆಯಬಹುದು. ಬಾಡಿಗೆ ಮನೆಯ ಆಸೆಗೆ ಇರುವ ಸೂರನ್ನೇ ಕಳೆದುಕೊಳ್ಳಬಾರದು.

5. ಸಾಲ ತೀರಿದ ಮೇಲೆ
ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ವಾಪಸು ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂ. ಪರಿಹಾರ ಸಿಗಬೇಕು. ಕೇಳಿ ಪಡೆಯಿರಿ.

ಪ್ರಶ್ನೆ ಕೇಳಿದ ಆ ಸಹೋದರಿ ಈಗ, "2 ಲಕ್ಷ ಉಳಿಸೋವರೆಗೆ ಕಾಯ್ತೀನಿ" ಎಂದಿದ್ದಾರೆ. ಅವರ ನಿರ್ಧಾರ ನಮಗೆ ಸಂತೋಷ ತಂದಿದೆ.

ಸಭೆಯಲ್ಲಿ ಚರ್ಚಿಸಿ:
* ನಮ್ಮೂರಿನಲ್ಲಿ ಬಾಡಿಗೆ ಎಷ್ಟಿದೆ? ಅದು ಎಷ್ಟು ಕಂತನ್ನು ಹೊರುತ್ತದೆ?
* ನಮ್ಮ ಮನೆಯ ಖಾತೆ ಯಾರ ಹೆಸರಿನಲ್ಲಿದೆ?