ಹಾರುವ ಆಂಬುಲೆನ್ಸ್: ಸೈನ್ಯದ್ದೋ, ಖಾಸಗಿಯವರದ್ದೋ?

ಮಳೆಗಾಲದ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಊರು ಸೊರಬ ತಾಲ್ಲೂಕಿನ ಉಳವಿ. ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದ ಮನೆಯ ಯಜಮಾನರಿಗೆ ಎದೆಯ ಮೇಲೆ ಕಲ್ಲು ಹೇರಿದಂತಹ ನೋವು. ಮೈಯೆಲ್ಲ ತಣ್ಣನೆಯ ಬೆವರು. ಮನೆಯವರು ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡುತ್ತಾರೆ. "ಎಷ್ಟೇ ಖರ್ಚಾಗಲಿ ಅಮ್ಮ, ಅಪ್ಪಯ್ಯನನ್ನು ವಿಮಾನದಲ್ಲೇ ಇಲ್ಲಿಗೆ ತರಿಸೋಣ" ಎನ್ನುತ್ತಾನೆ ಮಗ. ಪಕ್ಕದ ಮನೆಯವರು, "ಖಾಸಗಿಯವರು ಸುಲಿಯುತ್ತಾರೆ, ಮಿಲಿಟರಿ ಹೆಲಿಕಾಪ್ಟರ್ ಕರೆಸಲು ಆಗುವುದಿಲ್ಲವೇ?" ಎಂದು ಕೇಳುತ್ತಾರೆ. ಈ ಚರ್ಚೆಯಲ್ಲೇ ಅರ್ಧ ಗಂಟೆ ಕಳೆಯುತ್ತದೆ. ರಕ್ತ ಸಿಗದೆ ಒದ್ದಾಡುತ್ತಿರುವ ಹೃದಯದ ಸ್ನಾಯುವಿಗೆ ಆ ಅರ್ಧ ಗಂಟೆಯೇ ಬಹಳ ಬೆಲೆಯುಳ್ಳದ್ದು.

ಏರ್ ಆಂಬುಲೆನ್ಸ್ ಸೇವೆಯನ್ನು ಸೈನ್ಯ ನಡೆಸಬೇಕೋ, ಖಾಸಗಿ ಸಂಸ್ಥೆಗಳೋ ಎಂಬ ಪ್ರಶ್ನೆ ಈಗ ಹಳ್ಳಿಯ ಜಗಲಿಗೂ ಬಂದಿದೆ. ಉತ್ತರ ಹುಡುಕುವ ಮೊದಲು ಈ ಸೇವೆ ಏನು, ಅದು ಯಾರಿಗೆ ಉಪಯುಕ್ತ ಎಂಬುದನ್ನು ತಿಳಿಯೋಣ.

ಎರಡು ಬಗೆ

ಏರ್ ಆಂಬುಲೆನ್ಸ್‌ನಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಸಣ್ಣ ವಿಮಾನ. ಇದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದಕ್ಕೆ ಮಾತ್ರ ಹೋಗಬಲ್ಲದು. ಎರಡನೆಯದು ಹೆಲಿಕಾಪ್ಟರ್. ಇದು ಶಾಲೆಯ ಮೈದಾನದಲ್ಲೂ ಇಳಿಯಬಲ್ಲದು. ಆದರೆ ಮಂಜು, ಜಡಿಮಳೆ, ಕತ್ತಲೆಗಳಲ್ಲಿ ಹಾರಲು ಕಷ್ಟ. ಎರಡರಲ್ಲೂ ಕೃತಕ ಉಸಿರಾಟದ ಯಂತ್ರ, ಆಮ್ಲಜನಕ, ಹೃದಯಬಡಿತ ತೋರಿಸುವ ಮಾನಿಟರ್ ಮತ್ತು ತುರ್ತು ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು, ದಾದಿಯರು ಇರಲೇಬೇಕು. ಬರೀ ಸ್ಟ್ರೆಚರ್ ಇಟ್ಟ ಮಾತ್ರಕ್ಕೆ ವಿಮಾನ ಆಂಬುಲೆನ್ಸ್ ಆಗುವುದಿಲ್ಲ.

ಉಳವಿಯ ಯಜಮಾನರ ವಿಷಯದಲ್ಲಿ ಒಂದು ಲೆಕ್ಕ ಹಾಕೋಣ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಆದರೆ ರೋಗಿ ಸಾಗರದ ಮೇಲೆ ರಸ್ತೆಯಲ್ಲೇ ಅಲ್ಲಿಗೆ ತಲುಪಬೇಕು. ಅದಕ್ಕೇ ಎರಡು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಹಣದ ಮಾತುಕತೆ, ವಿಮಾನದ ಸಿದ್ಧತೆ, ಹಾರಾಟದ ಅನುಮತಿ ಎಲ್ಲವೂ ಆಗಬೇಕು. ಆಕಾಶದಲ್ಲಿ ಒಂದು ಗಂಟೆಯೂ ಹಿಡಿಯದ ಪ್ರಯಾಣಕ್ಕೆ ಹಿಂದೆ ಮುಂದೆ ನಾಲ್ಕೈದು ಗಂಟೆಗಳು ನೆಲದ ಮೇಲೆ ಹೋಗಬಹುದು. ಹೃದಯಾಘಾತದಲ್ಲಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು. ಅದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಉದ್ದೇಶದಿಂದ ರಾಜ್ಯದಲ್ಲಿ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭವಾಯಿತು. ಅಂದರೆ, ಇವರಿಗೆ ಮೊದಲು ಬೇಕಾದದ್ದು ವಿಮಾನವಲ್ಲ. ಹತ್ತಿರದ ಆಸ್ಪತ್ರೆಯ ಇ.ಸಿ.ಜಿ. ಮತ್ತು ಆ ಚುಚ್ಚುಮದ್ದು.

ಆಕಾಶದಲ್ಲಿ ದೇಹಕ್ಕೇನಾಗುತ್ತದೆ?

ವಿಮಾನದ ಒಳಗಿನ ಗಾಳಿಯ ಒತ್ತಡ ಸಾಮಾನ್ಯವಾಗಿ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟೇ ಇರುತ್ತದೆ. ಇದರಿಂದ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ದೇಹದೊಳಗೆ ಸಿಕ್ಕಿಕೊಂಡ ಗಾಳಿ ಎಂಟು ಸಾವಿರ ಅಡಿಯಲ್ಲಿ ಸುಮಾರು ಮೂರನೇ ಒಂದು ಪಾಲಿನಷ್ಟು ಹಿಗ್ಗುತ್ತದೆ. ಎದೆಗೆ ಪೆಟ್ಟು ಬಿದ್ದು ಶ್ವಾಸಕೋಶದ ಸುತ್ತ ಗಾಳಿ ತುಂಬಿದವರಿಗೆ ಮೊದಲೇ ಕೊಳವೆ ಹಾಕಿ ಅದನ್ನು ಹೊರಗೆ ಬಿಡದಿದ್ದರೆ ಪ್ರಾಣಕ್ಕೇ ಅಪಾಯ. ಹೆಲಿಕಾಪ್ಟರ್ ತಗ್ಗಿನಲ್ಲಿ ಹಾರುವುದರಿಂದ ಈ ತೊಂದರೆ ಕಡಿಮೆ. ಆದರೆ ಅದರ ಸದ್ದಿನಲ್ಲಿ ವೈದ್ಯರಿಗೆ ಸ್ಟೆತಾಸ್ಕೋಪಿನಿಂದ ಏನೂ ಕೇಳಿಸುವುದಿಲ್ಲ. ಆದ್ದರಿಂದ ರೋಗಿಯನ್ನು ಮೊದಲು ಸ್ಥಿರಗೊಳಿಸಿ, ಆಮೇಲೆ ಸಾಗಿಸಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠ.

ಸೈನ್ಯದ ಶಕ್ತಿ, ಸೈನ್ಯದ ಮಿತಿ

ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುವ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು 1950ರಿಂದ 1953ರವರೆಗೆ ನಡೆದ ಕೊರಿಯಾ ಯುದ್ಧದಲ್ಲಿ. ನಮ್ಮ ಬೆಂಗಳೂರಿನಲ್ಲೇ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಿದೆ, ಎಚ್.ಎ.ಎಲ್. ತಯಾರಿಸುವ ಧ್ರುವ ಹೆಲಿಕಾಪ್ಟರಿನಲ್ಲಿ ಸ್ಟ್ರೆಚರ್‌ಗಳನ್ನು ಅಳವಡಿಸಬಹುದು.

ಧಾರವಾಡ ಜಿಲ್ಲೆಯ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರನ್ನು ಕನ್ನಡಿಗರು ಮರೆತಿಲ್ಲ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, 19 ಸಾವಿರ ಅಡಿಗೂ ಎತ್ತರದಲ್ಲಿ, ಹಿಮಪಾತಕ್ಕೆ ಸಿಕ್ಕ ಅವರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕರು. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಅಲ್ಲಿಂದ ತಜ್ಞ ವೈದ್ಯರ ಜೊತೆ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ತರಲಾಯಿತು. ಫೆಬ್ರವರಿ 11ರಂದು ಅವರು ತೀರಿಕೊಂಡರು. ಅಂತಹ ಎತ್ತರಕ್ಕೆ ಹೋಗಿ ಒಬ್ಬ ಮನುಷ್ಯನನ್ನು ತರುವ ಕೆಲಸ ಸೈನ್ಯವಲ್ಲದೆ ಬೇರೆ ಯಾರಿಂದಲೂ ಆಗದು. ಪ್ರವಾಹ, ಭೂಕುಸಿತಗಳ ಕಾಲದಲ್ಲೂ ಹಾಗೆಯೇ.

ಆದರೆ ಸೈನ್ಯದ ಮೊದಲ ಕರ್ತವ್ಯ ದೇಶರಕ್ಷಣೆ. ನಾಗರಿಕರ ನೆರವಿಗೆ ಅದು ಬರುವುದು ಆಡಳಿತದ ಕೋರಿಕೆಯ ಮೇಲೆ. ಗಡಿಯಲ್ಲಿ ಸಂಕಟ ಬಂದ ದಿನ ಹೆಲಿಕಾಪ್ಟರ್ ಅಲ್ಲಿರಬೇಕೇ ಹೊರತು ಸೊರಬದ ಮೈದಾನದಲ್ಲಲ್ಲ. ಬ್ರಿಟನ್ನಿನಲ್ಲಿ ದಶಕಗಳ ಕಾಲ ವಾಯುಪಡೆ, ನೌಕಾಪಡೆಗಳು ನಡೆಸಿದ ಶೋಧ ಮತ್ತು ರಕ್ಷಣಾ ಹೆಲಿಕಾಪ್ಟರ್ ಸೇವೆಯನ್ನು 2015ರಿಂದ ಖಾಸಗಿ ಸಂಸ್ಥೆಯೊಂದು ಕರಾವಳಿ ಕಾವಲು ಇಲಾಖೆಯ ಪರವಾಗಿ ನಡೆಸುತ್ತಿದೆ. ಇಲ್ಲಿ ಗಮನಿಸಬೇಕಾದ ಅಂಶ: ಹಾರಿಸುವವರು ಬದಲಾದರು, ಹಣ ಕೊಡುವುದು ಸರ್ಕಾರವೇ, ರಕ್ಷಿಸಲ್ಪಟ್ಟವನಲ್ಲ.

ಖಾಸಗಿಯ ಚುರುಕು, ಖಾಸಗಿಯ ಬಿಲ್ಲು

ಖಾಸಗಿ ಸಂಸ್ಥೆಗಳು ಚುರುಕಾಗಿ ಬರುತ್ತವೆ, ಹಗಲಿರುಳು ಫೋನ್ ಎತ್ತುತ್ತವೆ. ಆದರೆ ಖರ್ಚು ಲಕ್ಷಗಳ ಲೆಕ್ಕದಲ್ಲಿರುತ್ತದೆ. ಅಡಿಕೆ ಮಂಡಿಯಲ್ಲಿ ಮುಂಗಡ ತಂದು, ತೋಟ ಅಡವಿಟ್ಟು ಹಣ ಹೊಂದಿಸಬೇಕಾದ ಕುಟುಂಬಕ್ಕೆ ಆ ಗಳಿಗೆಯಲ್ಲಿ ಚೌಕಾಸಿ ಮಾಡುವ ಶಕ್ತಿ ಇರುವುದಿಲ್ಲ. ಶ್ರೀಮಂತ ಅಮೆರಿಕದಲ್ಲೇ ವಿಮೆಯಿದ್ದ ಜನರಿಗೂ ಏರ್ ಆಂಬುಲೆನ್ಸ್‌ನ ಅನಿರೀಕ್ಷಿತ ಬಿಲ್ಲುಗಳು ಬಂದು, ಅವನ್ನು ತಡೆಯಲು ಕಾನೂನು ಮಾಡಬೇಕಾಯಿತು. ಅದು 2022ರ ಜನವರಿಯಲ್ಲಿ ಜಾರಿಗೆ ಬಂತು.

ಸುರಕ್ಷತೆಯ ಪ್ರಶ್ನೆಯೂ ಇದೆ. 2011ರ ಮೇ 25ರಂದು ಪಟ್ನಾದಿಂದ ದೆಹಲಿಗೆ ರೋಗಿಯನ್ನು ತರುತ್ತಿದ್ದ ಸಣ್ಣ ವಿಮಾನ ಕೆಟ್ಟ ಹವೆಗೆ ಸಿಕ್ಕಿ ಫರೀದಾಬಾದಿನ ಮನೆಗಳ ಮೇಲೆ ಬಿತ್ತು. ವಿಮಾನದಲ್ಲಿದ್ದ ಏಳು ಮಂದಿ, ನೆಲದ ಮೇಲಿದ್ದ ಮೂವರು ಸತ್ತರು. ಸರ್ಕಾರಿ ವ್ಯವಸ್ಥೆಗೂ ಅಪಾಯ ತಪ್ಪಿದ್ದಲ್ಲ: ಋಷಿಕೇಶದ ಏಮ್ಸ್ ಆಸ್ಪತ್ರೆಯ ಹೆಲಿಕಾಪ್ಟರ್ ಆಂಬುಲೆನ್ಸ್ 2025ರ ಮೇ ತಿಂಗಳಲ್ಲಿ ಕೇದಾರನಾಥದಲ್ಲಿ ಇಳಿಯುವಾಗ ಬಾಲ ಮುರಿದುಕೊಂಡಿತು, ಅದೃಷ್ಟವಶಾತ್ ಒಳಗಿದ್ದ ಮೂವರೂ ಉಳಿದರು. ಹಾರಬೇಕೋ ಬೇಡವೋ ಎಂಬ ತೀರ್ಮಾನದಲ್ಲಿ ಬಾಡಿಗೆಯ ಆಸೆಯಾಗಲಿ, ಬಂಧುಗಳ ಒತ್ತಾಯವಾಗಲಿ ಸೇರಬಾರದು.

ನಡುವಿನ ದಾರಿ

ಹಾಗಾದರೆ ಉತ್ತರವೇನು? ದಾರಿ ನಮಗೆ ಪರಿಚಿತವೇ. 2008ರಲ್ಲಿ ರಾಜ್ಯದಲ್ಲಿ 108 ಆರೋಗ್ಯ ಕವಚ ಆರಂಭವಾದಾಗ ಅದನ್ನು ನಡೆಸಿದ್ದು ಸೈನ್ಯವೂ ಅಲ್ಲ, ಸರ್ಕಾರಿ ಇಲಾಖೆಯೂ ಅಲ್ಲ. ಒಪ್ಪಂದದ ಮೇಲೆ ಒಂದು ಹೊರಗಿನ ಸಂಸ್ಥೆ. ಹಣ ಸರ್ಕಾರದ್ದು, ರೋಗಿಗೆ ಉಚಿತ. ಅದರಲ್ಲಿ ವಿಳಂಬ, ಸಿಬ್ಬಂದಿಯ ವೇತನದ ತಕರಾರುಗಳು ಇದ್ದದ್ದುಂಟು. ಆದರೂ ಬಡವನ ಮನೆ ಬಾಗಿಲಿಗೆ ಆಂಬುಲೆನ್ಸ್ ಬರುವುದು ಸಾಧ್ಯವಾದದ್ದು ಅದರಿಂದಲೇ. ಮಧ್ಯಪ್ರದೇಶವು 2024ರಲ್ಲಿ ಇದೇ ಮಾದರಿಯನ್ನು ಆಕಾಶಕ್ಕೇರಿಸಿ, ಆಯುಷ್ಮಾನ್ ಕಾರ್ಡ್ ಇರುವವರಿಗೆ ಏರ್ ಆಂಬುಲೆನ್ಸ್ ಉಚಿತವೆಂದು ಸಾರಿತು.

ಆದ್ದರಿಂದ ವಿಪತ್ತಿನಲ್ಲಿ, ದುರ್ಗಮ ಸ್ಥಳಗಳಲ್ಲಿ ಸೈನ್ಯ. ದಿನನಿತ್ಯದ ಕೆಲಸಕ್ಕೆ ಖಾಸಗಿ ಸಂಸ್ಥೆ, ಆದರೆ ಸರ್ಕಾರದ ಹಣ, ಸರ್ಕಾರದ ಕಣ್ಗಾವಲಿನಲ್ಲಿ. ರೋಗಿಗೆ ವಿಮಾನ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಬೇಕು. ಹಾರಬಹುದೇ ಎಂಬುದನ್ನು ಪೈಲಟ್ ನಿರ್ಧರಿಸಬೇಕು. ಸಂಸ್ಥೆಗೆ ಹಾರಿದ್ದಕ್ಕೆ ಮಾತ್ರವಲ್ಲ, ಸನ್ನದ್ಧವಾಗಿ ನಿಂತಿದ್ದಕ್ಕೂ ಹಣ ಸಿಗಬೇಕು. ಆಗ ಕೆಟ್ಟ ಹವೆಯಲ್ಲಿ "ಬೇಡ" ಎನ್ನಲು ಯಾರೂ ಹಿಂಜರಿಯುವುದಿಲ್ಲ.

ಆದರೂ ಮಲೆನಾಡಿನವರು ಒಂದು ಮಾತು ನೆನಪಿಡಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಸೀಮೆಯ ರೋಗಿಗಳು ದಶಕಗಳ ಕಾಲ ಲಾಂಚಿಗೆ ಕಾದರು. ಅವರ ಕಷ್ಟ ಕಡಿಮೆ ಮಾಡಿದ್ದು ಹೆಲಿಕಾಪ್ಟರ್ ಅಲ್ಲ, 2025ರ ಜುಲೈನಲ್ಲಿ ತೆರೆದ ಅಂಬಾರಗೋಡ್ಲು ಸೇತುವೆ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನದೇ ಆದ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಉಲ್ಬಣಿಸಿದಾಗ ರೋಗಿಗಳು ಘಟ್ಟ ಇಳಿದು ಮಣಿಪಾಲಕ್ಕೆ ಹೋಗಬೇಕಾಯಿತು. ಹತ್ತಿರದಲ್ಲೇ ತೀವ್ರ ನಿಗಾ ಘಟಕವಿದ್ದರೆ ಅಷ್ಟು ದೂರದ ಪ್ರಯಾಣವೇ ಬೇಕಿರುವುದಿಲ್ಲ.

ನೀವು ಗಮನಿಸಬೇಕಾದ್ದು

* ಎದೆನೋವು, ಪಾರ್ಶ್ವವಾಯು, ಹಾವಿನ ಕಡಿತ, ಅಪಘಾತ: ಮೊದಲ ಕರೆ 108ಕ್ಕೆ, ಮೊದಲ ಪ್ರಯಾಣ ಚಿಕಿತ್ಸೆ ಸಿಗುವ ಹತ್ತಿರದ ಆಸ್ಪತ್ರೆಗೆ. ಬೇರೆ ಊರಿನ ಬಂಧುಗಳಿಗೆ ಫೋನ್ ಆಮೇಲೆ.

* ಏರ್ ಆಂಬುಲೆನ್ಸ್ ಬೇಕೆಂದು ಚಿಕಿತ್ಸೆ ನೀಡುತ್ತಿರುವ ವೈದ್ಯರು ಹೇಳಿದರೆ ಮಾತ್ರ ಯೋಚಿಸಿ. ಅಲ್ಲಿ ಹಾಸಿಗೆ ಖಾಲಿಯಿದೆಯೇ, ವೈದ್ಯರು ಒಪ್ಪಿದ್ದಾರೆಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.

* ಸಂಸ್ಥೆಯವರನ್ನು ಕೇಳಿ: ಹಾರಾಟಕ್ಕೆ ಡಿ.ಜಿ.ಸಿ.ಎ. ಪರವಾನಗಿ ಇದೆಯೇ? ಜೊತೆಗೆ ಬರುವ ವೈದ್ಯರು ಯಾರು? ಎರಡೂ ಕಡೆಯ ನೆಲದ ಆಂಬುಲೆನ್ಸ್ ಸೇರಿ ಒಟ್ಟು ಖರ್ಚೆಷ್ಟು? ಹಾರಾಟ ರದ್ದಾದರೆ ಹಣ ವಾಪಸು ಬರುತ್ತದೆಯೇ? ಉತ್ತರವನ್ನು ಬರಹದಲ್ಲಿ ಪಡೆಯಿರಿ.

* ಆರೋಗ್ಯ ವಿಮೆಯಿದ್ದರೆ ಏರ್ ಆಂಬುಲೆನ್ಸ್ ಸೇರಿದೆಯೇ, ಎಷ್ಟರವರೆಗೆ ಎಂದು ಇಂದೇ ಓದಿ ನೋಡಿ.

* ಹೆಲಿಕಾಪ್ಟರ್ ಇಳಿಯಲು ವಿದ್ಯುತ್ ತಂತಿಯಿಲ್ಲದ, ಗಟ್ಟಿ ನೆಲದ ಬಯಲು ಬೇಕು. ಕೆಸರು ಗದ್ದೆ ಆಗದು. ಹಾರುವಂತಹ ತಗಡು, ಟಾರ್ಪಾಲುಗಳನ್ನು ತೆಗೆಸಿ. ಪೈಲಟ್ ಸನ್ನೆ ಮಾಡುವವರೆಗೆ ಯಾರೂ ಹತ್ತಿರ ಹೋಗಬಾರದು. ಬಾಲದ ಕಡೆಗಂತೂ ಎಂದಿಗೂ ಹೋಗಬಾರದು.

ಉಳವಿಯ ಆ ಯಜಮಾನರನ್ನು ಮನೆಯವರು ಕೂಡಲೇ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರೆ, ವಿಮಾನ ಬೇಕೋ ಬೇಡವೋ ಎಂಬುದನ್ನು ಇ.ಸಿ.ಜಿ. ನೋಡಿದ ವೈದ್ಯರೇ ಹೇಳುತ್ತಾರೆ. ಅಲ್ಲಿಗೆ ತಲುಪಿಸುವುದು ಮಾತ್ರ ಮನೆಯವರ, ನೆರೆಯವರ ಕೈಯಲ್ಲಿದೆ.