ಊರಿಗೆ ಹೊರಡುವ ಮುಂಚಿನ ಅಳು

ಪ್ರಶ್ನೆ: ನಾವಿಬ್ಬರೂ ಉಡುಪಿ ಕಡೆಯವರು, ಸಿಎಸ್‌ಐ ಕ್ರೈಸ್ತ ಸಭೆಗೆ ಸೇರಿದವರು. ಮದುವೆಯಾದಂದಿನಿಂದ ಕುವೈತಿನಲ್ಲಿದ್ದೇವೆ. ನಾನು ನರ್ಸ್, ಇವರು ಕಂಪೆನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಶುಕ್ರವಾರದ ಆರಾಧನೆ, ಮಕ್ಕಳ ಸಂಡೇ ಸ್ಕೂಲ್, ಗುರುವಾರ ರಾತ್ರಿ ನಮ್ಮ ಫ್ಲ್ಯಾಟಿನಲ್ಲಿ ಗೆಳೆಯರ ಊಟ, ಪ್ರಾರ್ಥನೆ. ಭಾರತದಿಂದ ಇಲ್ಲಿಗೆ ಮನೆಗೆಲಸಕ್ಕೆಂದು ಬಂದ ಇಬ್ಬರು ಹೆಂಗಸರು ಏನೇ ಕಷ್ಟವಾದರೂ ನನಗೇ ಫೋನ್ ಮಾಡುತ್ತಾರೆ. ಈಗ ಅತ್ತೆಗೆ ಪಾರ್ಶ್ವವಾಯು ಆಗಿದೆ, ಮಾವ ಇಲ್ಲ. ಊರಿಗೆ ಮರಳುವುದೆಂದು ಇಬ್ಬರೂ ಪ್ರಾರ್ಥಿಸಿ ನಿಶ್ಚಯಿಸಿದೆವು. ಆದರೂ ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಳು ತಡೆಯಲಾಗುವುದಿಲ್ಲ. ಮೂವತ್ತು ಜನರಿಗೆ ಅನ್ನ ಮಾಡುವ ದೊಡ್ಡ ಬೋಗುಣಿಯನ್ನು ಯಾರಿಗೆ ಕೊಡೋಣ ಎಂದು ಇವರು ಕೇಳಿದ್ದಕ್ಕೇ ಮೊನ್ನೆ ಜಗಳವಾಯಿತು. ಊರಿನ ಸಭೆಯಲ್ಲಿ ನಮ್ಮನ್ನು ಯಾರು ಕೇಳುತ್ತಾರೆ? ದೇವರ ಚಿತ್ತವೆಂದು ಒಪ್ಪಿದ ಮೇಲೂ ಅಳುವುದು ಅವಿಶ್ವಾಸವೇ? ನನಗೆ ಅತ್ತೆಯ ಮೇಲೆ ಪ್ರೀತಿ ಇಲ್ಲವೇ?
– ಹೆಸರು ಬೇಡ

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಪ್ರೀತಿ ಇಲ್ಲದವರು ಅತ್ತೆಗಾಗಿ ಕೈತುಂಬ ಸಂಬಳದ ಕೆಲಸ ಬಿಟ್ಟು ಹೊರಡುವುದಿಲ್ಲ. ಇಷ್ಟವಾದ ಜಾಗ ಬಿಡುವಾಗ ಹೊಟ್ಟೆಯಲ್ಲಿ ಸಂಕಟವಾಗುವುದಕ್ಕೂ, ಹೋಗಬೇಕಾದ ಜಾಗದ ಮೇಲಿನ ಪ್ರೀತಿಗೂ ಜಗಳವಿಲ್ಲ. ಎರಡೂ ಒಂದೇ ಎದೆಯಲ್ಲಿ ಇರುತ್ತವೆ.

ಇನ್ನು ಅವಿಶ್ವಾಸದ ಮಾತು. ನಾನು ದೇವಶಾಸ್ತ್ರ ಓದಿದವಳಲ್ಲ. ಆದರೆ ಬೈಬಲಿನ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಪೌಲ ಎಫೆಸದ ಸಭೆಯ ಹಿರಿಯರನ್ನು ಮಿಲೇತಕ್ಕೆ ಕರೆಸಿಕೊಂಡು ಬೀಳ್ಕೊಳ್ಳುತ್ತಾನೆ. ಹೋಗಲೇಬೇಕೆಂಬುದರಲ್ಲಿ ಅವನಿಗೆ ಸಂಶಯವಿಲ್ಲ. ಹಾಗಿದ್ದರೂ ಅವರೆಲ್ಲ ಅವನನ್ನು ತಬ್ಬಿ ಅತ್ತು, ಹಡಗಿನ ತನಕ ಬಂದು ಕಳಿಸಿಕೊಡುತ್ತಾರೆ. ಆ ಅಳುವನ್ನು ಅಲ್ಲಿ ಯಾರೂ ಅವಿಶ್ವಾಸದ ಲೆಕ್ಕಕ್ಕೆ ಹಾಕಿಲ್ಲ. ಬಸ್ಸಿನಲ್ಲಿ ಬರುವ ನಿಮ್ಮ ಅಳುವನ್ನೂ ಹಾಕಬೇಕಾಗಿಲ್ಲ.

ನಿಮ್ಮ ಪತ್ರವನ್ನು ಮತ್ತೆ ಓದಿದಾಗ ನನಗೆ ಮುಖ್ಯ ಅನ್ನಿಸಿದ್ದು ಬೇರೆಯೇ ಸಾಲು: ‘ಊರಿನ ಸಭೆಯಲ್ಲಿ ನಮ್ಮನ್ನು ಯಾರು ಕೇಳುತ್ತಾರೆ?’ ಅಳುವಿನ ಬೇರು ಅಲ್ಲಿದೆ ಎಂದು ನನ್ನ ಅಂದಾಜು. ಕುವೈತಿನಲ್ಲಿ ಶುಕ್ರವಾರ ರಜೆ, ಆರಾಧನೆಯೂ ಅಂದೇ. ಚರ್ಚಿನ ಒಂದೇ ಆವರಣವನ್ನು ಹತ್ತಾರು ಭಾಷೆಗಳ ಸಭೆಗಳು ಗಂಟೆಯ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಮಲಯಾಳಿಗಳು ಹೊರಬರುತ್ತಿದ್ದಂತೆ ಇನ್ನೊಂದು ಭಾಷೆಯವರು ಒಳಗೆ ಹೋಗಿ ಕುರ್ಚಿ ಜೋಡಿಸುತ್ತಾರೆ. ಅಲ್ಲಿ ಎಲ್ಲರೂ ಹೊರಗಿನಿಂದ ಬಂದವರೇ, ಯಾರಿಗೂ ಅಲ್ಲಿ ಅಜ್ಜನ ಮನೆಯಿಲ್ಲ. ಜ್ವರ ಬಂದರೆ ಗಂಜಿ ತರಲು, ಸಿವಿಲ್ ಐಡಿ ಎಂಬ ಗುರುತಿನ ಚೀಟಿಗೆ ಅಲೆಯುವಾಗ ಕಾರಿನಲ್ಲಿ ಕರೆದೊಯ್ಯಲು ಪಕ್ಕದ ಫ್ಲ್ಯಾಟಿನವರೇ ಆಗಬೇಕು. ಹಾಗಾಗಿ ಗೆಳೆತನ ಬೇಗ ಗಟ್ಟಿಯಾಗುತ್ತದೆ, ಯಾರು ಕೈಚಾಚಿದರೂ ಅದಕ್ಕೊಂದು ಕೆಲಸ ಕಾದಿರುತ್ತದೆ. ಅಲ್ಲಿ ನೀವು ಬೇಕಾದವರು.

ಊರಿನ ಲೆಕ್ಕ ಬೇರೆ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ಬೆಳೆದ ಸಭೆಗಳು ನಿಮ್ಮ ಕಡೆಯವು. ಯಾರ ಅಜ್ಜ ಹಂಚಿನ ಕಾರ್ಖಾನೆಯಲ್ಲಿದ್ದರು, ಯಾರ ಮನೆಯವರು ನೇಯ್ಗೆಯಲ್ಲಿದ್ದರು ಎಂಬುದೆಲ್ಲ ಅಲ್ಲಿನ ಹಿರಿಯರಿಗೆ ನೆನಪಿರುತ್ತದೆ. ಅಲ್ಲಿ ನೀವು ಇಂಥವರ ಸೊಸೆ, ಅಷ್ಟೆ. ಸಂಡೇ ಸ್ಕೂಲಿಗೆ ಟೀಚರ್ ಇದ್ದಾರೆ, ಕ್ವಾಯರಿಗೆ ಜನ ಇದ್ದಾರೆ, ಕಷ್ಟಕ್ಕೆ ಆಗಲು ಎಲ್ಲರಿಗೂ ನೆಂಟರಿದ್ದಾರೆ. ನಿಮ್ಮನ್ನು ಯಾರೂ ದೂರ ಇಡುವುದಿಲ್ಲ. ಆದರೆ ನಿಮಗಾಗಿ ಜಾಗ ಖಾಲಿ ಇಟ್ಟುಕೊಂಡು ಕಾಯುವವರೂ ಇಲ್ಲ. ಈ ಭಯ ಅಹಂಕಾರ ಅಲ್ಲವೇ ಎಂದು ನಿಮ್ಮನ್ನು ನೀವೇ ಕುಟುಕಿಕೊಳ್ಳಬೇಡಿ. ಒಂದಿಷ್ಟು ಅಹಂ ಇದ್ದರೂ ಇರಲಿ, ಮಾಡಿದ ಕೆಲಸದ ಮೇಲೆ ಮಮತೆ ಇರುವವರಿಗೆಲ್ಲ ಅದು ಇರುತ್ತದೆ.

ನಿಮ್ಮ ಬೈಬಲಿನಲ್ಲೇ ಇರುವ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಕಥೆಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಕ್ಲೌದಿಯ ಚಕ್ರವರ್ತಿಯ ಅಪ್ಪಣೆಯಿಂದ ರೋಮ್ ಬಿಡಬೇಕಾಗಿ ಬಂದವರು. ಕೊರಿಂಥದಲ್ಲಿ ಗುಡಾರ ಮಾಡುವ ಕಸುಬು, ಪೌಲನಿಗೂ ಅವರಲ್ಲೇ ವಾಸ, ಅವರ ಜೊತೆಯಲ್ಲೇ ಕೆಲಸ. ಎಫೆಸಕ್ಕೆ ಹೋದ ಮೇಲೆ ಅಪೊಲ್ಲೋಸನೆಂಬ ಬೋಧಕನನ್ನು ಕರೆದು ಕೂರಿಸಿಕೊಂಡು ತಿಳಿಹೇಳಿದರು. ಮುಂದೆ ಮತ್ತೆ ರೋಮ್. ಒಂದೊಂದು ಊರಿನಲ್ಲಿ ಅವರು ಮಾಡಿದ್ದು ಒಂದೊಂದು ತರದ್ದು. ಎಫೆಸದಲ್ಲಿ ಅವರ ಮನೆಯಲ್ಲಿ ಕೂಡುತ್ತಿದ್ದ ಸಭೆಯನ್ನು ಆಮೇಲೆ ಯಾರು ನೋಡಿಕೊಂಡರೋ, ಅದನ್ನು ಬರೆದಿಟ್ಟಿಲ್ಲ. ಅವರು ಹೋದರೆಂದು ಅದು ನಿಂತುಹೋಯಿತು ಎಂದೂ ಬರೆದಿಲ್ಲ.

ಹಾಗಾಗಿ ಉಳಿದ ವಾರಗಳಲ್ಲಿ ಬಿಟ್ಟುಕೊಡುವ ಕೆಲಸ ಮಾಡಿ. ಸಂಡೇ ಸ್ಕೂಲನ್ನು ಒಬ್ಬರಿಗಲ್ಲ, ಇಬ್ಬರಿಗೆ ವಹಿಸಿ. ನೀವಿರುವಾಗಲೇ ಅವರು ಪಾಠ ಮಾಡಲಿ, ನೀವು ಹಿಂದಿನ ಸಾಲಿನಲ್ಲಿ ಕೂತಿರಿ. ಅವರು ಹಾಡನ್ನು ತಪ್ಪು ರಾಗದಲ್ಲಿ ಎತ್ತಿಕೊಂಡರೂ ಬಾಯಿ ಹಾಕಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಸದಸ್ಯರಾಗಿ ಇರಬಹುದು, ಅಡ್ಮಿನ್ ಆಗಿ ಬೇಡ. ಫೋನ್ ಮಾಡುವ ಆ ಇಬ್ಬರು ಹೆಂಗಸರ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ನಿಮ್ಮ ಬದಲಿಗೆ ಯಾರೆಂದು ಅವರಿಗೆ ಈಗಲೇ ಮುಖತಃ ಪರಿಚಯಿಸಿ. ಭಾರತೀಯ ರಾಯಭಾರ ಕಚೇರಿಯ ಸಹಾಯವಾಣಿಯ ಸಂಖ್ಯೆಯನ್ನು ಅವರ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ. ಕೊನೆಯ ಶುಕ್ರವಾರ ಶಾಲು, ಕೇಕು, ಫೋಟೊ ಎಲ್ಲ ಆಗುತ್ತದೆ, ಆಗಲಿ. ಆದರೆ ಆ ಗಡಿಬಿಡಿಯಲ್ಲಿ ಯಾರಿಗೂ ಏನೂ ಹೇಳಲಾಗುವುದಿಲ್ಲ. ಹತ್ತಿರದ ನಾಲ್ಕೈದು ಜನರನ್ನು ಒಬ್ಬೊಬ್ಬರನ್ನಾಗಿ ಕರೆದು ಚಹಾ ಕೊಟ್ಟು ಹೇಳಬೇಕಾದದ್ದನ್ನು ಹೇಳಿ. ಯಾರ ಜೊತೆಗಾದರೂ ಮನಸ್ತಾಪ ಉಳಿದಿದ್ದರೆ ಅವರನ್ನು ಮೊದಲು ಕರೆಯಿರಿ.

ಬೋಗುಣಿಯ ಜಗಳದ ಬಗ್ಗೆ ಒಂದು ಮಾತು. ನಿಮ್ಮ ಯಜಮಾನರು ಕಲ್ಲು ಮನಸ್ಸಿನವರೆಂದು ನನಗನ್ನಿಸುವುದಿಲ್ಲ. ಸಂಕಟವಾದಾಗ ಕೆಲವರು ಅಳುತ್ತಾರೆ, ಕೆಲವರು ಕಾರ್ಗೋ ಬಾಕ್ಸಿಗೆ ಟೇಪ್ ಸುತ್ತುತ್ತಾರೆ. ಹಾಸಿಗೆ ಹಿಡಿದಿರುವುದು ಅವರ ತಾಯಿ. ತಾವು ಅತ್ತರೆ ‘ಹಾಗಾದರೆ ಹೋಗುವುದು ಬೇಡವೇ’ ಎಂದು ನೀವು ಕೇಳಿಬಿಟ್ಟೀರೆಂಬ ಅಂಜಿಕೆ ಅವರಿಗೂ ಇರಬಹುದು. ಒಂದು ಸಂಜೆ ಪ್ಯಾಕಿಂಗ್ ಮಾತು ಎತ್ತದೆ ಕೂತು, ‘ನಿನಗೆ ಇಲ್ಲಿ ಯಾವುದು ಬಿಡಲಿಕ್ಕೆ ಕಷ್ಟ’ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ಉತ್ತರಕ್ಕೆ ಪರಿಹಾರ ಹುಡುಕಬೇಡಿ, ಕೇಳಿಸಿಕೊಂಡರೆ ಸಾಕು.

ಊರಿಗೆ ಬಂದ ಮೊದಲ ಕೆಲವು ತಿಂಗಳು ಸಭೆಯಲ್ಲಿ ಯಾವ ಜವಾಬ್ದಾರಿಯನ್ನೂ ಒಪ್ಪಬೇಡಿ. ಕೇಳಿ ಕೂಡ ಪಡೆಯಬೇಡಿ. ‘ಕುವೈತಿನಲ್ಲಿ ನಾವು ಹೀಗೆ ಮಾಡುತ್ತಿದ್ದೆವು’ ಎಂಬ ವಾಕ್ಯವನ್ನು ಆದಷ್ಟು ನುಂಗಿಕೊಳ್ಳಿ (ಗಲ್ಫಿನಿಂದ ಬಂದವರ ಬಾಯಲ್ಲಿ ಅದನ್ನು ಕೇಳಿ ಕೇಳಿ ಊರಿನವರು ಸುಸ್ತಾಗಿದ್ದಾರೆ). ಸಭಾಪಾಲಕರಿಗೆ ನಿಮ್ಮ ಪರಿಸ್ಥಿತಿ ತಿಳಿಸಿಡಿ. ಯಾರು ಒಂಟಿ, ಯಾರ ಮನೆಯಲ್ಲಿ ಕಾಯಿಲೆಯವರಿದ್ದಾರೆ ಎಂದು ನಿಧಾನವಾಗಿ ನಿಮ್ಮ ಕಣ್ಣಿಗೇ ಬೀಳುತ್ತದೆ.

ಅಷ್ಟರಲ್ಲಿ ನಿದ್ದೆ, ಊಟ ಕೆಟ್ಟು, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರಕ್ಕಿಂತ ಹೆಚ್ಚು ಕಳೆದರೆ ‘ಇನ್ನಷ್ಟು ಪ್ರಾರ್ಥಿಸುತ್ತೇನೆ’ ಎಂದು ಮುಂದೂಡಬೇಡಿ. ಪ್ರಾರ್ಥನೆಯೂ ಇರಲಿ, ಆಪ್ತಸಮಾಲೋಚಕರೂ ಇರಲಿ. ಊರು ಮುಟ್ಟಿದ ಮೇಲೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನೀವು ಕೇಳದ ಒಂದು ವಿಷಯ ಉಳಿದಿದೆ. ಸೊಸೆ ನರ್ಸ್ ಎಂದ ಮೇಲೆ ಅತ್ತೆಯ ಆರೈಕೆ ಪೂರ್ತಿ ಅವಳದೇ ಎಂದು ಮನೆಯವರೆಲ್ಲ ನಿರಾಳವಾಗಿಬಿಡುತ್ತಾರೆ. ಪಾರ್ಶ್ವವಾಯುವಿನ ರೋಗಿಗೆ ಮಗ್ಗುಲು ಬದಲಿಸುವುದು, ಫಿಸಿಯೋಥೆರಪಿ, ಔಷಧದ ವೇಳೆ, ರಾತ್ರಿ ಎದ್ದು ಕೂರಿಸುವುದು ಒಬ್ಬರ ಮೈಯಲ್ಲಿ ಆಗುವ ಕೆಲಸವಲ್ಲವೆಂದು ನಿಮಗೇ ಗೊತ್ತು. ರಾತ್ರಿ ಯಾರು, ಹಗಲು ಯಾರು, ಹೋಂ ನರ್ಸ್ ಇಟ್ಟರೆ ಸಂಬಳ ಯಾರು ಕೊಡುವುದು, ನಾದಿನಿ ಮೈದುನರ ಪಾಲೆಷ್ಟು ಎಂಬುದನ್ನು ನಿಮ್ಮ ಯಜಮಾನರೇ ಫೋನಿನಲ್ಲಿ ಅವರ ಜೊತೆ ಮಾತಾಡಿ ಗೊತ್ತುಮಾಡಲಿ. ನೀವು ಮತ್ತೆ ಕೆಲಸಕ್ಕೆ ಸೇರುವುದು ಯಾವಾಗ ಎಂಬುದೂ ಆ ಮಾತಿನಲ್ಲೇ ಬರಲಿ. ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಚಾಲ್ತಿಯಲ್ಲಿದೆಯೇ ನೋಡಿಕೊಳ್ಳಿ, ಆಸ್ಪತ್ರೆಯಿಂದ ಅನುಭವ ಪತ್ರ ಕೇಳಿ ಪಡೆಯಿರಿ. ಟಿಕೆಟ್ ಮಾಡುವುದು ಇದೆಲ್ಲ ಆದ ಮೇಲೆ.